ನಾನು ಬರಲಾಗದ ದಿನವೂ ನಡೆಯುವ ಕೆಲಸ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದದ್ದನ್ನು ಹೆಚ್ಚು ಕಡಿಮೆ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಸೂಚನೆ ಕೊಟ್ಟುಬಿಡುತ್ತೇನೆ. ನಡುವೆ ಎಲ್ಲಾದರೂ ಬೀಪ್ ಅಂತ ಸದ್ದು ಬಂದರೆ ಯಾರೂ ನಿಮ್ಮ ಫೋನ್ ಹುಡುಕಬೇಡಿ. ಅದು ನನ್ನದು. ತೋಳಿನ ಹಿಂಭಾಗದಲ್ಲಿ ಒಂದು ಸಣ್ಣ ಸೆನ್ಸರ್ ಅಂಟಿಸಿಕೊಂಡಿದ್ದೇನೆ. ಚರ್ಮದ ಕೆಳಗಿನ ದ್ರವದಲ್ಲಿ ಸಕ್ಕರೆ ಎಷ್ಟಿದೆ ಅಂತ ಅದು ಕೆಲವು ನಿಮಿಷಕ್ಕೊಮ್ಮೆ ಅಳೆದು ಫೋನಿಗೆ ಕಳಿಸುತ್ತದೆ. ತೀರಾ ಇಳಿದರೆ ಕಿರುಚುತ್ತದೆ. ಕಿರುಚಿದರೆ ನಾನು ಮಾತು ನಿಲ್ಲಿಸಿ ಗ್ಲುಕೋಸ್ ಮಾತ್ರೆ ಅಗಿಯುತ್ತೇನೆ. ಅಷ್ಟು ಹೊತ್ತು ನೀವು ಪಕ್ಕದವರ ಜೊತೆ ಹರಟೆ ಹೊಡೆಯಬಹುದು.

ನನಗಿರುವುದು ಟೈಪ್ 1 ಡಯಾಬಿಟಿಸ್. ಶಾಲೆಯಲ್ಲಿದ್ದಾಗಲೇ ಬಂತು. ಶುಗರ್ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ವಯಸ್ಸಾದವರಿಗೆ ಬರುವ ಟೈಪ್ 2. ನನ್ನದು ಬೇರೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕದಲ್ಲಿ ಇನ್ಸುಲಿನ್, ಅಂದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನ್, ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ಸಿಹಿ ಜಾಸ್ತಿ ತಿಂದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ಸುಲಿನ್ ಇಲ್ಲದೆ ಬದುಕೂ ಇಲ್ಲ. ಹಾಗಾಗಿ ದಿನಾ ಹೊರಗಿನಿಂದ ಹಾಕಿಕೊಳ್ಳಬೇಕು. ಎಷ್ಟು ಹಾಕಬೇಕು ಅನ್ನುವ ಲೆಕ್ಕ ಪ್ರತಿ ಊಟಕ್ಕೂ ಬದಲಾಗುತ್ತದೆ. ನಡೆದರೆ, ನಿದ್ದೆಗೆಟ್ಟರೆ, ಜ್ವರ ಬಂದರೆ, ಪರೀಕ್ಷೆ ಹತ್ತಿರ ಬಂದರೆ, ಎಲ್ಲದಕ್ಕೂ ಬದಲಾಗುತ್ತದೆ. ನಿನ್ನೆ ಸರಿಹೋದ ಡೋಸ್ ಇವತ್ತು ಕೈಕೊಡುತ್ತದೆ. ಇದಕ್ಕೆ ರಜೆ ಅನ್ನುವುದೇ ಇಲ್ಲ.

ನನ್ನನ್ನು ಇಲ್ಲಿಗೆ ಕರೆದಿರುವುದು ನಾನು ಮಾಡುವ ಸ್ವಯಂಸೇವೆಯ ಬಗ್ಗೆ ಮಾತಾಡಲಿ ಅಂತ. ಹೊಸದಾಗಿ ಟೈಪ್ 1 ಪತ್ತೆಯಾದ ಮಕ್ಕಳು, ಅವರ ಅಪ್ಪ ಅಮ್ಮ, ಅವರ ಶಾಲೆಯ ಶಿಕ್ಷಕರು, ಇವರ ಜೊತೆ ನಾವೊಂದಿಷ್ಟು ವಿದ್ಯಾರ್ಥಿಗಳು ಕೆಲಸ ಮಾಡುತ್ತೇವೆ. ಆದರೆ ಅದು ಎಂಥಾ ಒಳ್ಳೆಯ ಕೆಲಸ ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ನನಗೆ ಆಸಕ್ತಿ ಇರುವ ವಿಷಯ ಬೇರೆ. ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ದೇಹ ಇಟ್ಟುಕೊಂಡು, ಬೇರೆಯವರು ನಂಬಿ ಕೂರಬಹುದಾದ ಕೆಲಸವನ್ನು ಹೇಗೆ ಕಟ್ಟುವುದು? ಇದು ಕಾಯಿಲೆ ಇದ್ದವರಿಗೆ ಮಾತ್ರ ಬೇಕಾದ ಉತ್ತರ ಅಂತ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ.

ಶುರುವಾಗಿದ್ದು ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ. ದೊಡ್ಡ ಸಂಕಲ್ಪ ಏನೂ ಇರಲಿಲ್ಲ, ಸರದಿಗೆ ಕಾಯುತ್ತಾ ಸುಮ್ನೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ, ಅವನ ಅಪ್ಪ. ಅವನ ಶುಗರ್ ಯಾಕೆ ಒಂದೊಂದು ದಿನ ಒಂದೊಂದು ಥರ ಕುಣಿಯುತ್ತದೆ ಅಂತ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಡೋಸ್ ಸರಿ ಇದೆ, ಹೊತ್ತಿಗೆ ಸರಿಯಾಗಿ ಹಾಕುತ್ತಾರೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಾನು ಹುಡುಗನನ್ನು ಒಂದೇ ಮಾತು ಕೇಳಿದೆ: ಎಲ್ಲಿ ಚುಚ್ಚಿಕೊಳ್ತೀಯಾ? ಅವನು ಅಂಗಿ ಸ್ವಲ್ಪ ಎತ್ತಿ ಹೊಕ್ಕುಳಿನ ಬಲಗಡೆ ತೋರಿಸಿದ. ಅಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಉಬ್ಬು. ಒತ್ತಿದರೆ ಸ್ವಲ್ಪ ಗಟ್ಟಿ. ಎಷ್ಟೋ ತಿಂಗಳಿಂದ ಅದೇ ಜಾಗ. ಯಾಕಪ್ಪಾ ಅಂದರೆ, "ಇಲ್ಲಿ ನೋವೇ ಆಗಲ್ಲ" ಅಂದ.

ನೋವಾಗುವುದಿಲ್ಲ, ನಿಜ. ಒಂದೇ ಕಡೆ ಚುಚ್ಚುತ್ತಾ ಹೋದರೆ ಅಲ್ಲಿ ಕೊಬ್ಬು ಸೇರಿ ಗಂಟು ಕಟ್ಟುತ್ತದೆ. ಆ ಗಂಟಿನಲ್ಲಿ ಸೂಜಿಯ ನೋವು ಕಡಿಮೆ. ಅದಕ್ಕೇ ಮಕ್ಕಳಿಗೆ ಆ ಜಾಗ ಇಷ್ಟ. ಆದರೆ ಅಲ್ಲಿಂದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಇಳಿಯುವುದಿಲ್ಲ. ಒಂದು ದಿನ ನಿಧಾನ, ಇನ್ನೊಂದು ದಿನ ಬೇಗ. ನನಗೂ ತೊಡೆಯಲ್ಲಿ ಅಂಥದ್ದೊಂದು ಆಗಿತ್ತು, ಅದಕ್ಕೇ ಕೇಳಿದ್ದು. ಒಳಗೆ ಹೋಗಿ ಡಾಕ್ಟರಿಗೆ ಇದನ್ನು ತಪ್ಪದೆ ತೋರಿಸಿ ಅಂದೆ. ಸುಮ್ಮನೆ ಜಾಗ ಬದಲಿಸಿಬಿಡಬೇಡಿ ಅಂತಲೂ ಹೇಳಿದೆ. ಏಕೆಂದರೆ ಗಂಟಿಗೆ ಹಾಕುತ್ತಿದ್ದ ಡೋಸನ್ನೇ ಒಳ್ಳೆಯ ಜಾಗಕ್ಕೆ ಹಾಕಿದರೆ ಪೂರ್ತಿ ಇಳಿದು ಶುಗರ್ ಧಡಕ್ಕನೆ ಬಿದ್ದುಹೋಗಬಹುದು. ಡೋಸ್ ಎಷ್ಟು ಅಂತ ಡಾಕ್ಟರೇ ಹೇಳಬೇಕು.

ಆ ಅಪ್ಪ ನನ್ನ ನಂಬರ್ ತೆಗೆದುಕೊಂಡರು. ಅವರಿಂದ ಇನ್ನೊಬ್ಬರಿಗೆ ಹೋಯಿತು. ಅಷ್ಟೇ. ಕಾಯಿಲೆ ನನ್ನಲ್ಲಿ ಕರುಣೆ ತುಂಬಿತು, ಅದಕ್ಕೇ ಸೇವೆಗೆ ಇಳಿದೆ ಅಂತ ಯಾರಾದರೂ ಬರೆದರೆ ನಂಬಬೇಡಿ. ಕಾಯಿಲೆಯಿಂದ ಎಷ್ಟೋ ಸಲ ನಾನು ಸಿಡುಕಿಯಾಗಿದ್ದೇನೆ. ಅದು ಕೊಟ್ಟಿದ್ದು ಕೆಲವು ಕೆಲಸದ ಗುಟ್ಟುಗಳನ್ನು. ಶುಗರ್ ನೋಡಲು ರಕ್ತದ ಹನಿ ತೆಗೆಯುವಾಗ ಬೆರಳ ತುದಿಯ ನಡುವೆ ಚುಚ್ಚಬಾರದು, ಪಕ್ಕದಲ್ಲಿ ಚುಚ್ಚಬೇಕು, ನೋವು ಕಡಿಮೆ. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿನ ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯಬಾರದು, ಇಲ್ಲದಿದ್ದರೆ ಕೊನೆಯ ಹನಿ ಹೊರಗೆ ಬರುತ್ತದೆ. ಇನ್ಸುಲಿನ್ ಫ್ರಿಜ್ಜಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಿದರೆ ಮುಗೀತು, ಮತ್ತೆ ಕರಗಿಸಿ ಬಳಸುವ ಹಾಗಿಲ್ಲ. ಇದೆಲ್ಲ ಡಾಕ್ಟರಿಗೂ ನರ್ಸಿಗೂ ಚೆನ್ನಾಗಿ ಗೊತ್ತು. ಅವರ ಮುಂದೆ ಕೂತ ಹದಿನೈದು ನಿಮಿಷದಲ್ಲಿ ಅಂಗಿ ಎತ್ತಿ ತೋರಿಸುವುದು ಮಕ್ಕಳಿಗೆ ಹೊಳೆಯುವುದಿಲ್ಲ, ಅಷ್ಟೇ.

ಇನ್ನು ಸ್ವಲ್ಪ ಹಳೆಯ ಕತೆಗೆ ಹೋಗೋಣ. ನನಗೆ ಇತಿಹಾಸ ಇಷ್ಟ, ಸಹಿಸಿಕೊಳ್ಳಿ.

1921ರಲ್ಲಿ ಟೊರಾಂಟೊದಲ್ಲಿ ಫ್ರೆಡ್ರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವ ಕೆಲಸ ಶುರು ಮಾಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಬಿತ್ತು. ಆ ಮೊದಲ ದ್ರಾವಣ ಅಷ್ಟು ಶುದ್ಧ ಇರಲಿಲ್ಲ, ಹೆಚ್ಚೇನೂ ಉಪಯೋಗ ಆಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧ ಮಾಡಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ಅದಕ್ಕೂ ಮುಂಚೆ ಟೈಪ್ 1 ಬಂದ ಮಗುವಿಗೆ ಇದ್ದ ಒಂದೇ ಚಿಕಿತ್ಸೆ ಉಪವಾಸ. ಸಾವನ್ನು ಕೆಲವು ತಿಂಗಳು ಮುಂದೂಡಲು ಹೊಟ್ಟೆಗೆ ಹಾಕದೆ ಇಡುತ್ತಿದ್ದರು.

ಹಾಗೆ ಉಪವಾಸದಲ್ಲಿ ಎಲುಬಿನ ಗೂಡಾಗಿದ್ದವರಲ್ಲಿ ಒಬ್ಬಳು ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಸಚಿವರ ಮಗಳು. 1922ರ ಆಗಸ್ಟಿನಲ್ಲಿ ಬ್ಯಾಂಟಿಂಗ್ ಹತ್ತಿರ ಬಂದಾಗ ವಯಸ್ಸು ಹದಿನೈದಕ್ಕೆ ಹತ್ತಿರ, ತೂಕ ಸುಮಾರು 20 ಕಿಲೋ. ಇನ್ಸುಲಿನ್ ಸಿಕ್ಕಿತು, ಬದುಕಿದಳು, 1981ರವರೆಗೂ ಬದುಕಿದಳು. ಆದರೆ ತನಗೆ ಈ ಕಾಯಿಲೆ ಇದೆ ಅಂತ ಜೀವನವಿಡೀ ಹೆಚ್ಚಿನವರಿಂದ ಮುಚ್ಚಿಟ್ಟಳು.

ಇನ್ನೊಬ್ಬಳು ಈವಾ ಸ್ಯಾಕ್ಸಲ್. 1921ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವಳು. ನಾಜಿಗಳಿಂದ ತಪ್ಪಿಸಿಕೊಂಡು ಗಂಡ ವಿಕ್ಟರ್ ಜೊತೆ ಶಾಂಘೈಗೆ ಹೋದಳು. ಅಲ್ಲಿ ಅವಳಿಗೆ ಟೈಪ್ 1 ಬಂತು. 1941ರ ಡಿಸೆಂಬರ್ ಹೊತ್ತಿಗೆ ಯುದ್ಧ ಅಲ್ಲಿಗೂ ಹಬ್ಬಿ ಇನ್ಸುಲಿನ್ ಸಿಗುವುದು ನಿಂತೇಹೋಯಿತು. ಗಂಡ ಹೆಂಡತಿ ಇಬ್ಬರೂ ಡಾಕ್ಟರಲ್ಲ. ಒಂದು ವೈದ್ಯಕೀಯ ಪುಸ್ತಕ ಹಿಡಿದು, ಎರವಲು ಸಿಕ್ಕ ಪ್ರಯೋಗಾಲಯದಲ್ಲಿ, ಎಮ್ಮೆಗಳ ಮೇದೋಜೀರಕದಿಂದ ತಾವೇ ಇನ್ಸುಲಿನ್ ತಯಾರಿಸಲು ಕೂತರು. ಮೊದಲು ಮೊಲಗಳ ಮೇಲೆ ಪರೀಕ್ಷೆ. ಆಮೇಲೆ ಈವಾ ಮೇಲೆ. ಕಂದು ಬಣ್ಣದ ದ್ರವ. ಕೆಲಸ ಮಾಡಿತು. ತನಗೆ ಬೇಕಾದಷ್ಟು ಮಾಡಿಕೊಂಡು ಬಾಗಿಲು ಹಾಕಿಕೊಳ್ಳಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಅಲ್ಲಿದ್ದ ಬೇರೆ ರೋಗಿಗಳಿಗೂ ಹಂಚಿದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋದ ಈವಾ, ಮಧುಮೇಹದ ಬಗ್ಗೆ ಸಾರ್ವಜನಿಕವಾಗಿ ಮಾತಾಡುತ್ತಾ ಓಡಾಡಿದಳು.

ಈಗ ನೀವು ನಿರೀಕ್ಷಿಸುತ್ತಿರುವುದು, ಈವಾಳಂತೆ ಆಗಿ, ಎಲಿಜಬೆತ್‌ಳಂತೆ ಆಗಬೇಡಿ ಅನ್ನುವ ಮಾತು. ನಾನು ಹೇಳುವುದಿಲ್ಲ. ಎಲಿಜಬೆತ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸ ಸಂಘವನ್ನು ಹುಟ್ಟುಹಾಕಿದಳು. ತನ್ನ ಕಾಯಿಲೆಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಕಾಯಿಲೆ ಇರುವವರು ಆ ಕಾಯಿಲೆಗಾಗಿಯೇ ದುಡಿಯಬೇಕು ಅನ್ನುವ ನಿಯಮ ಎಲ್ಲಿದೆ? ನಮ್ಮ ಗುಂಪಿನಲ್ಲಿ ಸಂಧಿವಾತ ಇರುವ ಒಬ್ಬಳಿದ್ದಾಳೆ. ಅವಳು ಬೀದಿ ನಾಯಿಗಳ ಲಸಿಕೆ ಅಭಿಯಾನಕ್ಕೆ ಹೋಗುತ್ತಾಳೆ. ಸಂಧಿವಾತದ ಬಗ್ಗೆ ಮಾತಾಡು ಅಂದರೆ ಬೈಯುತ್ತಾಳೆ. ದಿನಾ ಅನುಭವಿಸುತ್ತಿರೋದೇ ಸಾಕು, ಶನಿವಾರವಾದರೂ ಬಿಡ್ರೋ ಅಂತಾಳೆ. ನ್ಯಾಯವಾದ ಮಾತು.

ಇನ್ನೊಬ್ಬರಿಗೆ ನೆರವಾದರೆ ನೆರವಾದವರಿಗೂ ಒಳ್ಳೆಯದಾಗುತ್ತದೆ ಅನ್ನುವುದನ್ನು ಫ್ರಾಂಕ್ ರೀಸ್‌ಮನ್ ಎಂಬ ಸಮಾಜ ವಿಜ್ಞಾನಿ 1965ರಲ್ಲೇ ಬರೆದಿದ್ದ. ಕೇಳಲು ಹಿತವಾಗಿದೆ. ಹಿತವಾಗಿರುವುದನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಆದರೆ 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಹಿಡಿಸಿತು. ಅಮೆರಿಕದಲ್ಲಿ ಮಿಷೆಲ್ ಹೈಸ್ಲರ್ ಮತ್ತು ಸಂಗಡಿಗರು ಮಾಡಿದ್ದು. ಶುಗರ್ ಹತೋಟಿಗೆ ಬಾರದ 244 ಮಾಜಿ ಸೈನಿಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನರ್ಸ್‌ಗಳ ಮೇಲ್ವಿಚಾರಣೆ. ಇನ್ನೊಂದರಲ್ಲಿ ರೋಗಿಗಳನ್ನೇ ಜೋಡಿ ಮಾಡಿ, ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಫೋನ್ ಮಾಡಿ ಅಂದರು. ಆರು ತಿಂಗಳಾದ ಮೇಲೆ ಎಚ್‌ಬಿಎ1ಸಿ ನೋಡಿದರು. ಹಿಂದಿನ ಎರಡು ಮೂರು ತಿಂಗಳಲ್ಲಿ ಸಕ್ಕರೆ ಸರಾಸರಿ ಹೇಗಿತ್ತು ಅಂತ ಹೇಳುವ ರಕ್ತ ಪರೀಕ್ಷೆ ಅದು. ಜೋಡಿಗಳ ಗುಂಪಿನಲ್ಲಿ 8.02ರಿಂದ 7.73ಕ್ಕೆ ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ 7.93ರಿಂದ 8.22ಕ್ಕೆ ಏರಿತ್ತು.

ನನಗೆ ಹಿಡಿಸಿದ್ದು ಅಂಕಿಗಿಂತ ಆ ಜೋಡಿ. ಅಲ್ಲಿ ಕಲಿಸುವವನು ಒಬ್ಬ, ಕಲಿಯುವವನು ಒಬ್ಬ ಅಂತ ಇರಲಿಲ್ಲ. ಇಬ್ಬರಿಗೂ ಶುಗರ್ ಹತೋಟಿಯಲ್ಲಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಅಂದಮೇಲೆ, ಇನ್ನೊಬ್ಬರಿಗೆ ಸಹಾಯ ಮಾಡಲು ನಮ್ಮ ಕಾಯಿಲೆಯನ್ನು ಮೊದಲು ಗೆದ್ದು ಬರಬೇಕಾಗಿಲ್ಲ. ಇದನ್ನು ಓದಿದ ದಿನ ನನಗೆ ನಿಜವಾಗಿ ಸಮಾಧಾನವಾಯಿತು. ನನ್ನ ರಿಪೋರ್ಟ್ ಚೆನ್ನಾಗಿಲ್ಲದ ತಿಂಗಳಲ್ಲಿ ಬೇರೆಯವರಿಗೆ ಏನು ಹೇಳಲಿ ಅಂತ ಫೋನೇ ಎತ್ತದೆ ಕೂರುವ ಅಭ್ಯಾಸ ಇತ್ತು.

ಈಗ ಕೆಲಸ ಕಟ್ಟುವ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಕಾಲೇಜಿನ ಸ್ವಯಂಸೇವೆ ಸಾಮಾನ್ಯವಾಗಿ ಹೇಗಿರುತ್ತದೆ? ಭಾನುವಾರ ಬೆಳಿಗ್ಗೆ ಏಳಕ್ಕೆ ಬಸ್ಸು, ಹಾಜರಿ ಪುಸ್ತಕಕ್ಕೆ ಸಹಿ, ಸಂಜೆಯವರೆಗೆ ಬಿಸಿಲಲ್ಲಿ ಕೆಲಸ, ಕೊನೆಗೆ ಗುಂಪು ಫೋಟೊ. ಬಂದವರು ಒಳ್ಳೆಯವರು, ಬಾರದವರು ಸೋಮಾರಿಗಳು. ರಾತ್ರಿ ಮೂರು ಗಂಟೆಗೆ ಶುಗರ್ ಇಳಿದು, ನಡುಗುತ್ತಾ ಎದ್ದು, ಸಕ್ಕರೆ ತಿಂದು, ಅದು ಏರುವವರೆಗೆ ಕಾದು, ಐದಕ್ಕೆ ಮಲಗಿದವರು ಏಳು ಗಂಟೆಯ ಬಸ್ಸು ಹತ್ತುವುದು ಹೇಗೆ? ಹತ್ತಲಿಲ್ಲ ಅಂದರೆ ಸೋಮವಾರ ವಿವರಣೆ ಕೊಡಬೇಕು. ನೋಡಿದರೆ ಆರೋಗ್ಯವಾಗೇ ಇದ್ದೀಯಲ್ಲ ಅನ್ನಿಸಿಕೊಳ್ಳಬೇಕು. ಎರಡು ಸಲ ಹೀಗಾದರೆ ಮೂರನೇ ಸಲ ಹೆಸರು ಕೊಡುವುದನ್ನೇ ಬಿಡುತ್ತಾರೆ. ಜನ ಕೆಲಸ ಬಿಡುವುದು ಕಷ್ಟಕ್ಕಲ್ಲ, ಬರಲಾಗಲ್ಲ ಅಂತ ಹೇಳುವ ಸಂಕೋಚಕ್ಕೆ. ಇದು ನನ್ನ ಗಟ್ಟಿ ಅಭಿಪ್ರಾಯ.

ನಾವು ಗುಂಪು ಮಾಡಿದಾಗ ಆರಂಭದಲ್ಲೇ ಇದ್ದವರಲ್ಲಿ ಅರ್ಧದಷ್ಟು ಜನಕ್ಕೆ ಏನಾದರೊಂದು ಕಾಯಿಲೆ ಇತ್ತು. ಡಯಾಬಿಟಿಸ್, ಅಸ್ತಮಾ, ಮೈಗ್ರೇನ್, ಸಂಧಿವಾತ. ಯಾರು ಯಾವತ್ತು ಮಲಗುತ್ತಾರೋ ಹೇಳುವಂತಿರಲಿಲ್ಲ. ಹಾಗಾಗಿ ಬರಲಾಗದ ದಿನ ಬಂದೇ ಬರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕೆಲಸ ಹಂಚಿದೆವು. ಯಾವ ಕೆಲಸಕ್ಕೂ ಒಬ್ಬರೇ ಇರಬಾರದು. ಪ್ರತಿ ಮನೆಗೂ ಇಬ್ಬರ ಪರಿಚಯ ಇರಬೇಕು. ಒಬ್ಬರು ಮಾತಾಡಿ ಮುಗಿಸಿದ ಮೇಲೆ, ಮುಂದಿನ ಸಲ ಇನ್ನೊಬ್ಬರು ಹೋದರೆ ಮಗು ಮತ್ತೆ ಮೊದಲಿನಿಂದ ಹೇಳಬೇಕಾಗಬಾರದು, ಅಷ್ಟು ಮಾತ್ರ ಎರಡು ಸಾಲು ಬರೆದಿಡಬೇಕು. ಬರಲಾಗದಿದ್ದರೆ "ಇವತ್ತು ಆಗಲ್ಲ" ಅಂತ ಒಂದು ಮೆಸೇಜ್ ಸಾಕು. ಕಾರಣ ಕೇಳುವ ಹಾಗಿಲ್ಲ. ಈ ಕೊನೆಯದರ ಬಗ್ಗೆ ತುಂಬಾ ಜಗಳ ಆಯಿತು. ಎಲ್ಲರೂ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾರೆ ಅಂದರು ಕೆಲವರು. ಕಾರಣ ಕೇಳದಿದ್ದರೆ ಸುಳ್ಳು ಯಾಕೆ ಹೇಳಬೇಕು ಅಂದೆವು ನಾವು.

ಆದದ್ದೇನು ಅಂದರೆ, ಕಾಯಿಲೆ ಇಲ್ಲದವರೂ ಆ ಮೆಸೇಜ್ ಕಳಿಸತೊಡಗಿದರು. ಪರೀಕ್ಷೆ, ಮನೆಯಲ್ಲಿ ಜಗಳ, ಸುಮ್ಮನೆ ಬೇಜಾರು, ಯಾವುದೋ ಒಂದು. ಕಳಿಸಿದವರು ಮುಂದಿನ ವಾರ ಮತ್ತೆ ಬಂದರು. ಮುಖ ತಪ್ಪಿಸಿಕೊಂಡು ಓಡಾಡಬೇಕಾಗಿರಲಿಲ್ಲವಲ್ಲ.

ಕೆಲಸದ ಗಾತ್ರವನ್ನೂ ಸಣ್ಣದಾಗಿಯೇ ಇಟ್ಟುಕೊಂಡೆವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ರೂಪಿಸಿದ, ದೀರ್ಘಕಾಲದ ಕಾಯಿಲೆ ಇರುವವರಿಗಾಗಿನ ಒಂದು ತರಬೇತಿ ಇದೆ. ಆರು ವಾರ, ವಾರಕ್ಕೆ ಎರಡೂವರೆ ಗಂಟೆ. ನಡೆಸುವವರು ಡಾಕ್ಟರುಗಳೇ ಆಗಬೇಕಿಲ್ಲ. ತರಬೇತಿ ಪಡೆದ ಸಾಮಾನ್ಯ ಜನ, ಅವರಲ್ಲೂ ಹೆಚ್ಚಿನವರು ಅಂಥದ್ದೇ ಕಾಯಿಲೆ ಇರುವವರು. ಅಲ್ಲಿ ಪ್ರತಿ ವಾರ ಒಂದು ಸಣ್ಣ ಯೋಜನೆ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ, ಇದನ್ನು ಮಾಡಿಯೇ ತೀರುತ್ತೇನೆ ಅನ್ನುವ ನಂಬಿಕೆಗೆ ಹತ್ತಕ್ಕೆ ಎಷ್ಟು ಅಂಕ ಅಂತ ಕೇಳುತ್ತಾರೆ. ಏಳಕ್ಕಿಂತ ಕಡಿಮೆ ಅಂದರೆ ಯೋಜನೆಯನ್ನೇ ಬದಲಿಸಬೇಕು. ನಾವು ಇದನ್ನು ಸ್ವಯಂಸೇವೆಗೆ ತಂದುಕೊಂಡೆವು. "ಈ ವಾರ ಮೂರು ಮನೆಗೆ ಫೋನ್ ಮಾಡ್ತೀನಿ." ಎಷ್ಟು ನಂಬಿಕೆ? "ಐದು." ಹಾಗಾದರೆ ಒಂದೇ ಮನೆ. ಆ ಒಂದು ಕರೆ ಹೋಗಿಯೇ ಹೋಗುತ್ತದೆ. ಆ ಕಡೆ ಫೋನ್ ಕಾಯುತ್ತಾ ಕೂತವರಿಗೆ ಬೇಕಾಗಿರುವುದು ಅದೇ ಅಲ್ವಾ?

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಸೇವೆಯ ಗಂಟೆ ಲೆಕ್ಕ ಹಾಕಿ ಪ್ರಮಾಣಪತ್ರ ಕೊಡುವ ಪದ್ಧತಿ ಇರುವ ಕಡೆ, ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದ ಫೋನ್ ಲೆಕ್ಕಕ್ಕೆ ಬರುವುದಿಲ್ಲ. ನನ್ನದೂ ಬರಲಿಲ್ಲ. ಸ್ಥಳದಲ್ಲಿ ಸಹಿ ಬೇಕಂತೆ. ಮೈದಾನ ಗುಡಿಸಿದರೆ ಸೇವೆ. ಗಾಬರಿಯಾದ ತಾಯಿಯ ಜೊತೆ ಒಂದು ಗಂಟೆ ಮಾತಾಡಿದರೆ ಹರಟೆ! ಇಂಥ ನಿಯಮ ಮಾಡುವವರು ಇಲ್ಲಿ ಯಾರಾದರೂ ಕೂತಿದ್ದರೆ ದಯವಿಟ್ಟು ಯೋಚನೆ ಮಾಡಿ.

ನಾವು ಮಾಡದ ಕೆಲಸಗಳೂ ಇವೆ. ಡೋಸ್ ಹೇಳುವುದಿಲ್ಲ, ಯಾರು ಎಷ್ಟು ಬೇಡಿಕೊಂಡರೂ ಸರಿ. ಮಗು ವಾಂತಿ ಮಾಡುತ್ತಿದೆ, ಏದುಸಿರು ಬಿಡುತ್ತಿದೆ, ಮಂಕಾಗಿದೆ ಅಂದರೆ ಫೋನಿನಲ್ಲಿ ಮಾತು ಬೆಳೆಸುವುದಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ ಅನ್ನುತ್ತೇವೆ. ಅದು ಕೀಟೊಅಸಿಡೋಸಿಸ್ ಇರಬಹುದು, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚುವುದು, ಜೀವಕ್ಕೆ ಅಪಾಯ. ಮಕ್ಕಳ ಫೋಟೊ ತೆಗೆಯುವುದಿಲ್ಲ. ಕೈಯಲ್ಲಿ ಸಿರಿಂಜ್ ಹಿಡಿದು ನಿಂತ ಮಗುವಿನ ಚಿತ್ರ ಇದ್ದರೆ ಜನರ ಮನಸ್ಸು ಕರಗುತ್ತದೆ ಅಂತ ಒಬ್ಬ ದೊಡ್ಡವರು ಸಲಹೆ ಕೊಟ್ಟಿದ್ದರು. ಕರಗಬಹುದು. ಹತ್ತು ವರ್ಷ ಬಿಟ್ಟು ಆ ಮಗು ಕೆಲಸಕ್ಕೆ ಅರ್ಜಿ ಹಾಕುವಾಗಲೂ ಆ ಚಿತ್ರ ಅಲ್ಲೇ ಇರುತ್ತದೆ.

ಶಾಲೆಗಳಲ್ಲಿ ನಾವು ಹೇಳುವುದು ಸ್ವಲ್ಪವೇ. ನಿಮಗೂ ಹೇಳಿಬಿಡುತ್ತೇನೆ, ಯಾವತ್ತಾದರೂ ಬೇಕಾಗುತ್ತದೆ. ಟೈಪ್ 1 ಇರುವ ಮಗು ಬೆವರುತ್ತಿದೆ, ನಡುಗುತ್ತಿದೆ, ಕಾರಣವಿಲ್ಲದೆ ರೇಗುತ್ತಿದೆ ಅಂದರೆ ಶುಗರ್ ಇಳಿದಿರಬಹುದು. ಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ ಲೋ. ಬೇಗ ಕರಗುವ ಸಕ್ಕರೆ ಸುಮಾರು 15 ಗ್ರಾಂ ಕೊಡಿ, ಅಂದರೆ ಮೂರು ಚಮಚದಷ್ಟು, ನೀರಿಗೆ ಹಾಕಿ ಕೊಟ್ಟರೂ ಆಯಿತು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ. ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬೇಡಿ, ಸಿಕ್‌ರೂಮಿಗೂ ಕೂಡ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ, ಆಂಬುಲೆನ್ಸ್ ಕರೆಯಿರಿ. ಇನ್ನೊಂದು ಮಾತು, ಟೈಪ್ 1 ಇದೆ ಅಂತಲೇ ಗೊತ್ತಿಲ್ಲದ ಮಗುವಿನ ವಿಷಯ. ಇದ್ದಕ್ಕಿದ್ದಂತೆ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು, ತೂಕ ಇಳಿಯುವುದು, ಇವು ಒಟ್ಟಿಗೆ ಕಂಡರೆ ಅವತ್ತೇ ಪರೀಕ್ಷೆ ಮಾಡಿಸಬೇಕು. ತರಗತಿಯಲ್ಲಿ ಯಾರು ಮತ್ತೆ ಮತ್ತೆ ಹೊರಗೆ ಹೋಗಲು ಕೈ ಎತ್ತುತ್ತಾರೆ ಅಂತ ಅಮ್ಮನಿಗಿಂತ ಮೊದಲು ಗೊತ್ತಾಗುವುದು ಶಿಕ್ಷಕರಿಗೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಕೇಳಿ.

ನನಗೆ ಯಾವ ಕಾಯಿಲೆಯೂ ಇಲ್ಲ. ನಾನು ಈ ಕೆಲಸಕ್ಕೆ ಬರಬಹುದಾ?

ಧಾರಾಳವಾಗಿ. ಶಾಲೆಗಳ ಜೊತೆ ಮಾತಾಡುವುದು, ಸಮಯ ಗೊತ್ತು ಮಾಡುವುದು, ಯಾರು ಯಾವ ಮನೆಗೆ ಅಂತ ಪಟ್ಟಿ ಇಡುವುದು, ಇದಕ್ಕೆಲ್ಲ ಜನ ಬೇಕು. ನಮ್ಮ ಪಟ್ಟಿ ನೋಡಿಕೊಳ್ಳುವ ಹುಡುಗನಿಗೆ ಯಾವ ತೊಂದರೆಯೂ ಇಲ್ಲ, ಮರೆವು ಒಂದು ಬಿಟ್ಟು. ಅದಕ್ಕೂ ಇನ್ನೊಬ್ಬಳನ್ನು ಜೋಡಿ ಹಾಕಿದ್ದೇವೆ.

ನಿಮ್ಮ ಕಾಯಿಲೆ, ಓದು, ಇದೂ ಸೇರಿ ಸುಸ್ತಾಗುವುದಿಲ್ವಾ?

ಆಗುತ್ತದೆ. ಹೋದ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಪೂರ್ತಿ ಬಿಟ್ಟಿದ್ದೆ. ನನ್ನ ಜೋಡಿಯಲ್ಲಿದ್ದವಳು ನೋಡಿಕೊಂಡಳು. ಮಕ್ಕಳಲ್ಲಿ ಒಬ್ಬ ಅವಳೇ ಜಾಸ್ತಿ ಚೆನ್ನಾಗಿ ಮಾತಾಡ್ತಾಳೆ ಅಂದನಂತೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ ಹೇಳಬೇಕು ಅಂದರೆ.

ಹೊಸದಾಗಿ ಪತ್ತೆಯಾದ ಮಗುವಿನ ಜೊತೆ ಮೊದಲ ಸಲ ಏನು ಮಾತಾಡ್ತೀರಿ?

ಯಾವ ಬೆರಳಿಗೆ ಚುಚ್ಚಿಕೊಳ್ತೀಯಾ ಅಂತ ಕೇಳುತ್ತೇನೆ. ಈ ವಿಷಯದಲ್ಲಿ ಪ್ರತಿ ಮಗುವಿಗೂ ಒಂದು ವಾದ ಇರುತ್ತದೆ. ಕಿರುಬೆರಳು ಬೆಸ್ಟ್ ಅನ್ನುವವರಿದ್ದಾರೆ, ಎಡಗೈ ಮುಟ್ಟಲೇಬಾರದು ಅನ್ನುವವರಿದ್ದಾರೆ. ಅಲ್ಲಿಂದ ಮಾತು ತಾನಾಗಿಯೇ ಹೋಗುತ್ತದೆ. ಅಪ್ಪ ಅಮ್ಮಂದಿರ ಜೊತೆ ಮಾತು ಬೇರೆ ಥರ. ಅವರ ಪ್ರಶ್ನೆಗಳಿಗೆ ನನ್ನ ಹತ್ತಿರ ಎಷ್ಟೋ ಸಲ ಉತ್ತರ ಇರುವುದಿಲ್ಲ, ನಾನು ಯಾರ ಅಮ್ಮನೂ ಅಲ್ಲವಲ್ಲ. ಅದಕ್ಕೆ ಅವರಿಗೆ ನಮ್ಮ ಅಮ್ಮನ ನಂಬರ್ ಕೊಡುತ್ತೇನೆ. ಅವಳು ನಮ್ಮ ಗುಂಪಿನಲ್ಲಿ ಹೆಸರು ಬರೆಸಿಲ್ಲ, ಕೇಳಿದರೆ ಒಪ್ಪುವುದೂ ಇಲ್ಲ. ರಾತ್ರಿ ಹನ್ನೊಂದರ ಮೇಲೆ ಬರುವ ಕರೆಗಳನ್ನೆಲ್ಲ ಎತ್ತುವುದು ಮಾತ್ರ ಅವಳೇ.